ಅಮ್ಮ ಉಜ್ಜಿದ ಬೆಳ್ಳಿ ಪೆನ್ನಿಗಳು

ನಾನು ದುಡ್ಡು ಕೊಟ್ಟು ಕೊಂಡ ಮೊದಲ ಹಳೇ ಇಂಗ್ಲಿಷ್ ನಾಣ್ಯ ಖೋಟಾ ಆಗಿತ್ತು. ಅದು ಖೋಟಾ ಎಂದು ನನಗೆ ನೋವಾಗದ ಹಾಗೆ ತಿಳಿಸಿದವರು ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿದ್ದ ಒಬ್ಬ ಮುದುಕರು. ಅವರಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಒಬ್ಬರ ಹೊರತು ಯಾರಿಗೂ ಪೂರ್ತಿ ಹೇಳಿಲ್ಲ. ಗಂಡನಿಗೆ ಅರ್ಧ ಗೊತ್ತು. ಅಮ್ಮನಿಗೆ ಗೊತ್ತಿರುವುದು ಸುಳ್ಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಓದಲಿಕ್ಕೆಂದು ಸಿಡ್ನಿಗೆ ಬಂದವಳು ನಾನು. ಓದು ಮುಗಿದು, ಇಲ್ಲೇ ಉಳಿಯುವ ಅನುಮತಿ ಪಿಆರ್ ಸಿಕ್ಕಿ, ಒಂದು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರಿದೆ. ಮದುವೆಯಾದ ಮೇಲೆ ಕ್ವೇಕರ್ಸ್ ಹಿಲ್‌ನಲ್ಲಿ ಬಾಡಿಗೆ ಮನೆ. ಗಂಡ ಐಟಿ ಕೆಲಸಕ್ಕೆ ಬೆಳಗ್ಗೆ ಏಳರ ಟ್ರೈನ್ ಹಿಡಿದರೆ ಸಂಜೆ ಏಳಕ್ಕೆ ಮನೆ. ನಾನು ಇಡೀ ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಯಾರದ್ದೋ ರಕ್ತ, ಯಾರದ್ದೋ ಕಫ ನೋಡುತ್ತ ಕೂರುವವಳು. ಒಂದು ಭಾನುವಾರ ಸಂತೆಯ ಹಾಗಿನ ಮಾರ್ಕೆಟ್ಟಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತೆಳು ಬೆಳ್ಳಿ ಬಿಲ್ಲೆ ಕಂಡಿತು. ದೊಡ್ಡ ಕುಂಕುಮದ ಬೊಟ್ಟಿನಷ್ಟು ಅಗಲ. ಒಂದು ಕಡೆ ಗುಂಗುರು ಕೂದಲಿನ ರಾಜನ ಮುಖ, ಇನ್ನೊಂದು ಕಡೆ ಅಂಚಿನವರೆಗೂ ಚಾಚಿದ ಶಿಲುಬೆ. ಏಳುನೂರು ವರ್ಷಕ್ಕೂ ಹಳೆಯದು ಎಂದು ಅಂಗಡಿಯವನು ಹೇಳಿದ. ಅಷ್ಟು ಹಳೆಯ ವಸ್ತುವನ್ನು ಅಂಗೈಯಲ್ಲಿ ಇಟ್ಟುಕೊಳ್ಳಬಹುದು ಎನ್ನುವುದೇ ನನಗೆ ನಂಬಲಾಗಲಿಲ್ಲ. ಕೊಂಡು ಬಂದೆ.

ಮನೆಗೆ ಬಂದು ಅದರ ಫೋಟೋ ತೆಗೆದು ನಾಣ್ಯ ಸಂಗ್ರಹಿಸುವವರ ಒಂದು ವೆಬ್‌ಸೈಟಿನಲ್ಲಿ ಹಾಕಿದೆ. ನಾಲ್ಕೈದು ಜನ ಚೆನ್ನಾಗಿದೆ ಎಂದರು. ಒಬ್ಬರು ಮಾತ್ರ ಎಲ್ಲರೆದುರಿಗೆ ಏನೂ ಹೇಳದೆ ನನಗೊಬ್ಬಳಿಗೇ ಬರೆದರು. ಇದು ಸುತ್ತಿಗೆಯಲ್ಲಿ ಹೊಡೆದದ್ದಲ್ಲ, ಅಚ್ಚಿಗೆ ಹೊಯ್ದದ್ದು, ಅಂಚಿನ ಸುತ್ತ ಸಣ್ಣ ಗೆರೆ ಇದೆ ನೋಡಿ, ಬೇಜಾರು ಮಾಡಿಕೊಳ್ಳಬೇಡಿ ಎಂದಿತ್ತು ಆ ಇಮೇಲಿನಲ್ಲಿ. ವಾರದ ಮೇಲೆ ಅವರಿಂದ ಒಂದು ಲಕೋಟೆ ಬಂತು. ಒಳಗೆ ಲಂಡನ್ ಟಂಕಸಾಲೆಯ ಒಂದು ನಿಜವಾದ ಪೆನ್ನಿ ನಾಣ್ಯ, ಜೊತೆಗೆ ಒಂದು ಚೀಟಿ: 'ಇದು ಬಹಳ ಸಾಮಾನ್ಯವಾದದ್ದು, ನನ್ನ ಹತ್ತಿರ ಇನ್ನೊಂದಿದೆ. ನಿಜವಾದದ್ದನ್ನು ಒಂದಷ್ಟು ದಿನ ಬೆರಳಲ್ಲಿ ಆಡಿಸಿ. ಆಮೇಲೆ ಸುಳ್ಳು ನಾಣ್ಯ ನಿಮ್ಮನ್ನು ಮೋಸ ಮಾಡಲಾರದು.'

ಹೀಗೆ ಶುರುವಾಯಿತು. ಅವರು ಹುಡುಗನಾಗಿದ್ದಾಗ ಇಂಗ್ಲೆಂಡಿನ ಉತ್ತರದ ಕಡೆಯಿಂದ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದವರು. ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸಿ ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಅದೇ ಊರಿನಲ್ಲಿ ನರ್ಸ್. ಸಂಬಳ ಉಳಿಸಿ ಉಳಿಸಿ, ನಲವತ್ತು ವರ್ಷದಲ್ಲಿ ಒಬ್ಬನೇ ರಾಜನ ಕಾಲದ ಹತ್ತೊಂಬತ್ತು ಪೆನ್ನಿ ಸೇರಿಸಿದ್ದರು. ಒಂದೊಂದೂ ಒಂದೊಂದು ಊರಿನ ಟಂಕಸಾಲೆಯದು. ಲಂಡನ್, ಕ್ಯಾಂಟರ್ಬರಿ, ಯಾರ್ಕ್, ಲಿಂಕನ್, ಎಕ್ಸೆಟರ್, ಹೀಗೆ. ನಾನು ಲ್ಯಾಬಿನ ಟ್ರೇನಿಂಗಿಗೆಂದು ಮೆಲ್ಬರ್ನಿಗೆ ಹೋದಾಗ ಮೊದಲ ಸಲ ಅವರ ಮನೆಗೆ ಹೋದೆ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವರ ಯೂನಿಟ್, ಒಂದು ಸಣ್ಣ ಫ್ಲ್ಯಾಟು. ಟೀ ಮಾಡಿಕೊಟ್ಟು, ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಮರದ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು ನನ್ನ ಕೈಗಿಟ್ಟರು. ಎಲ್ಲವೂ ಕಪ್ಪು ಬೂದಿ ಬಣ್ಣ. ಬೆಳಕಿಗೆ ಹಿಡಿದರೆ ಆ ಕಪ್ಪಿನೊಳಗೆ ನೀಲಿ, ನೇರಳೆಯ ಛಾಯೆ.

"ಈ ಕಪ್ಪೇ ಅದರ ಚರ್ಮ, ಲವ್," ಎಂದರು. ಅವರ ಊರಿನ ಕಡೆ ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗಲೂ ಹಾಗೆಯೇ ಕರೆಯುತ್ತಾರಂತೆ. "ಏಳುನೂರು ವರ್ಷ ಬೇಕು ಇದು ಬರಲಿಕ್ಕೆ. ಇದನ್ನು ಉಜ್ಜುವವರನ್ನು ಜೈಲಿಗೆ ಹಾಕಬೇಕು."

ಪ್ರತಿ ನಾಣ್ಯದ ಹಿಂದೆ ಊರಿನ ಹೆಸರು, ಅಚ್ಚು ಹೊಡೆದವನ ಹೆಸರು. ಬೆಳ್ಳಿ ಕಡಿಮೆ ಹಾಕಿದರೆ ಯಾರ ಕೈ ಕತ್ತರಿಸಬೇಕೆಂದು ಗೊತ್ತಾಗಲಿ ಅಂತ, ಎಂದು ನಕ್ಕರು. ಕೊನೆಗೆ ತೆಗೆದದ್ದು ಇಲ್ಚೆಸ್ಟರ್ ಎಂಬ ಸಣ್ಣ ಊರಿನದು. ಅಷ್ಟರಲ್ಲೂ ಅಪರೂಪದ್ದು. ಅದು ಮಾತ್ರ ಚಪ್ಪಟೆಯಾಗಿರಲಿಲ್ಲ, ಒಣಗಿದ ಎಲೆಯ ಹಾಗೆ ಬಾಗಿತ್ತು. ಯಾರ ಕಾಲಡಿಗೋ ಸಿಕ್ಕಿತ್ತೇನೋ ಅಂದೆ.

"ಅಲ್ಲ. ಇದು ಬೇಕೆಂದೇ ಬಾಗಿಸಿದ್ದು. ಆಗಿನ ಕಾಲದಲ್ಲಿ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಒಂದು ಪೆನ್ನಿಯನ್ನು ಅವರ ತಲೆಯ ಮೇಲೆ ಹಿಡಿದು ಬಾಗಿಸಿ, ಇವರು ಎದ್ದರೆ ಈ ಪೆನ್ನಿ ನಿನಗೆ ಅಂತ ಒಬ್ಬ ಸಂತನ ಹೆಸರು ಹೇಳುತ್ತಿದ್ದರು."

"ನಮ್ಮಲ್ಲಿ ಹರಕೆ ಅಂತೀವಿ," ಎಂದೆ. ಆ ಪದವನ್ನು ಅವರು ಎರಡು ಸಲ ಹೇಳಿಸಿಕೊಂಡರು. ಅವತ್ತು ಅವರ ಹೆಬ್ಬೆರಳು ಆ ನಾಣ್ಯದ ಗುಳಿಯಲ್ಲಿ ಹೇಗೆ ಕೂತಿತ್ತು ಎಂದು ನೋಡಿದ್ದು ನೆನಪಿದೆ.

ಎರಡು ವರ್ಷದಲ್ಲಿ ಅವರ ಕಣ್ಣು ಹೋಯಿತು. ಪೂರ್ತಿ ಕುರುಡಲ್ಲ. ನಡುವಿನದ್ದು ಕಾಣುವುದಿಲ್ಲ, ಅಂಚಿನದ್ದು ಕಾಣುತ್ತದೆ ಎನ್ನುತ್ತಿದ್ದರು. ನಿನ್ನ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಕಣ್ಣು ಚೆನ್ನಾಗಿದ್ದಾಗ ಅವರು ಸರಿಯಾದ ಪಟ್ಟಿ ಬರೆದಿಟ್ಟಿರಲಿಲ್ಲ. ನಾಣ್ಯದ ಕೆಳಗೆ ದುಂಡಗೆ ಕತ್ತರಿಸಿದ ಚೀಟಿಗಳು ಮಾತ್ರ. ಮಗಳಿಗಾಗಿ ಒಂದು ಪುಸ್ತಕ ಮಾಡಿಡಬೇಕು, ತೂಕ, ಫೋಟೋ, ಓದಿದ ಅಕ್ಷರ ಎಲ್ಲ ಇರಬೇಕು ಎಂದು ಅವರ ಆಸೆ. ನನ್ನ ಲ್ಯಾಬಿನ ತಕ್ಕಡಿ, ಮೈಕ್ರೋಸ್ಕೋಪು ಅವರಿಗೆ ಗೊತ್ತಿತ್ತು. ನಾನು ಆರು ತಿಂಗಳ ಬಸುರಿ. ವಿಮಾನದಲ್ಲಿ ಹೋಗಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಸಿಡ್ನಿಗೆ ತಂದೆ. ಒಂದು ತಿಂಗಳಲ್ಲಿ ವಾಪಸ್ ಕೊಡುತ್ತೇನೆ ಎಂದಿದ್ದೆ.

ಆರು ನಾಣ್ಯದ ಕೆಲಸ ಮುಗಿಸಿ ಪೆಟ್ಟಿಗೆಯನ್ನು ಕಪಾಟಿನ ಮೇಲ್ಗಡೆ ಇಟ್ಟಿದ್ದೆ. ಮಗು ಏಳು ವಾರ ಮುಂಚೆ ಹುಟ್ಟಿತು.

ಆ ದಿನಗಳನ್ನು ಹೇಗೆ ಬರೆಯಲಿ? ಮಗಳು ನನ್ನ ಅಂಗೈಯಿಂದ ಮೊಣಕೈವರೆಗಷ್ಟೇ ಇದ್ದಳು. ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ಕೊಳವೆ. ಹಾಲು ಬರಲಿಲ್ಲ. ಎರಡೆರಡು ಗಂಟೆಗೆ ಪಂಪ್ ಹಿಡಿದು ಕೂತರೆ ಬಾಟಲಿಯ ತಳ ಒದ್ದೆಯಾಗುವಷ್ಟು. ಅಮ್ಮ ಅರಸೀಕೆರೆಯಿಂದ ಅವಸರದಲ್ಲಿ ಟಿಕೆಟ್ ಮಾಡಿಸಿಕೊಂಡು ಬಂದಳು. ಜೀವಮಾನದಲ್ಲಿ ಒಬ್ಬಳೇ ಬೆಂಗಳೂರಿಗೂ ಹೋಗದವಳು, ಎರಡು ವಿಮಾನ ಬದಲಾಯಿಸಿ, ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಬಜೆ, ಹಲ್ಲುಪುಡಿ ತುಂಬಿಕೊಂಡು ಇಳಿದಳು. ಲೇಹ್ಯವನ್ನೂ ಬಜೆಯನ್ನೂ ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಟ್ಟರು. ಹಲ್ಲುಪುಡಿ ಉಳಿಯಿತು.

ಐದು ವಾರದ ಮೇಲೆ ಮಗು ಮನೆಗೆ ಬಂತು. ಬಂದ ಮೇಲೂ ನಾನು ನೆಟ್ಟಗಾಗಲಿಲ್ಲ. ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಎದೆಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ನೀರಿನ ಸದ್ದಿನಲ್ಲಿ ಅಳು ಕೇಳಿಸಿದಂತಾಗಿ ಸೋಪು ಮೆತ್ತಿಕೊಂಡೇ ಓಡಿ ಬರುತ್ತಿದ್ದೆ. ಅಮ್ಮ, ಮನೆಯಲ್ಲೇ ಸಣ್ಣದಾಗಿ ನಾಮಕರಣ ಮಾಡೋಣ, ನಾಲ್ಕು ಜನ ಬಂದು ಹೋದರೆ ನಿನ್ನ ಮನಸ್ಸೂ ಹಗುರಾಗುತ್ತೆ ಎಂದಳು. ಹೂಂ ಎಂದೆ.

ನಾಮಕರಣಕ್ಕೆ ಎರಡು ದಿನವಿತ್ತು. ಮಧ್ಯಾಹ್ನ, ಮಗು ಎದೆಯ ಮೇಲೆ ನಿದ್ದೆಹೋಗಿತ್ತು, ನನಗೂ ಕಣ್ಣು ಎಳೆಯುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು.

"ಬೆಳ್ಳಿ ಸಾಮಾನು ಎಲ್ಲಿಟ್ಟಿದ್ದೀಯೇ?"

"ಕಪಾಟಿನ ಮೇಲ್ಗಡೆ. ಎಲ್ಲಾ ಅಲ್ಲೇ ಇದೆ."

ಈ ಮಾತು ನಾನೇ ಹೇಳಿದ್ದು. ಅಮ್ಮ ಕೇಳಿಕೊಂಡು ಹೋದಳು. ನಾನು ಮಲಗಿದೆ. ಅಷ್ಟು ವಾರಗಳಲ್ಲಿ ಮೊದಲ ಬಾರಿ ಎರಡು ಗಂಟೆ ಒಂದೇ ಸಮ ನಿದ್ದೆ ಬಂತು.

ಎದ್ದು ಅಡುಗೆಮನೆಗೆ ಬಂದರೆ ಅಡುಗೆಕಟ್ಟೆಯ ಮೇಲೆ ಬಿಳಿ ಟವೆಲ್ ಹಾಸಿ ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆ ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ. ತಟ್ಟೆಯ ತುಂಬ ಬೆಳ್ಳಗೆ, ಈಗ ತಾನೇ ಅಂಗಡಿಯಿಂದ ತಂದ ಕಾಲ್ಗೆಜ್ಜೆಯ ಹಾಗೆ ಹೊಳೆಯುವ ಪುಟ್ಟ ಬಿಲ್ಲೆಗಳು. ಸಿಂಕಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷು, ಕರ್ರಗಿನ ನೀರು.

"ಎದ್ದ್ಯಾ? ಬಾ ನೋಡು, ಹೆಂಗ್ ಹೊಳೀತಾವೆ! ಯಾವ ಕಾಲದಲ್ಲಿ ಉಜ್ಜಿದ್ದೋ ಏನೋ, ಮಸಿ ಹಿಡ್ದಂಗಿದ್ವು. ಎರಡೆರಡು ಸಲ ಹಲ್ಲುಪುಡಿ ಹಾಕಿ ತಿಕ್ಕಬೇಕಾಯ್ತು."

ನಾನು ತಟ್ಟೆಯ ಹತ್ತಿರ ಹೋದೆ. ಅಮ್ಮ ಸ್ವಲ್ಪ ಅಳುಕಿನಿಂದ ಮುಂದುವರಿಸಿದಳು. "ಒಂದು ಮಾತ್ರ ಸೊಟ್ಟಗಿತ್ತು ಕಣೆ. ನೆಟ್ಟಗೆ ಮಾಡೋಣ ಅಂತ ಲಟ್ಟಣಿಗೇಲಿ ಒತ್ತಿದೆ, ಪಟ್ ಅಂದುಬಿಡ್ತು. ಅದೇನೂ ಗಟ್ಟಿ ಬೆಳ್ಳಿಯಲ್ಲ ಬಿಡು."

ತಟ್ಟೆಯ ಅಂಚಿನಲ್ಲಿ ಇಲ್ಚೆಸ್ಟರ್ ಎರಡು ತುಂಡಾಗಿ ಬಿದ್ದಿತ್ತು.

ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನು ಮಾತ್ರ ಬರೆಯುತ್ತೇನೆ, ಅದನ್ನು ಮರೆಯಲು ನನಗೆ ಹಕ್ಕಿಲ್ಲ. "ನೀನು ಬರದೇ ಇದ್ದಿದ್ದರೇ ಚೆನ್ನಾಗಿತ್ತು" ಎಂದೆ. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. ಮಗು ಎದ್ದು ಅಳುತ್ತಿತ್ತು. ಇಬ್ಬರೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಹೋಗಿ ಎತ್ತಿಕೊಂಡಳು.

ನಾಮಕರಣ ಆಯಿತು. ಬಂದವರಿಗೆ ಕೇಸರಿಬಾತು ಬಡಿಸಿದೆ. ಅಮ್ಮ ಯಾರ ಜೊತೆಯೂ ಮಾತಾಡಲಿಲ್ಲ. ಬಂದ ಆಂಟಿಯೊಬ್ಬರು, ಪಾಪ, ಅವರಿಗೆ ಊರಿನ ನೆನಪು ಬಂದಿರಬೇಕು ಎಂದರು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸಗಳು ಹುಚ್ಚು ಹಿಡಿದವರು ಮಾಡುವಂಥವು. ಅಮ್ಮ ನಾಣ್ಯಗಳನ್ನೆಲ್ಲ ಒಂದೇ ಬಟ್ಟಲಿಗೆ ಸುರಿದಿದ್ದರಿಂದ ಚೀಟಿಗಳು ಕಲಸಿಹೋಗಿದ್ದವು. ಮಗು ಮಲಗಿದಾಗಲೆಲ್ಲ ಭೂತಗನ್ನಡಿ ಹಿಡಿದು ಅಕ್ಷರ ಓದಿ ಓದಿ ಒಂದೊಂದು ಊರಿನ ನಾಣ್ಯವನ್ನು ಅದರದರ ಚೀಟಿಯ ಮೇಲೆ ಕೂರಿಸಿದೆ. ಅಕ್ಷರಗಳ ಅಂಚು ಸವೆದಿತ್ತು. ರಾಜನ ಕೆನ್ನೆಯ ಮೇಲೆ ಬ್ರಷ್ಷಿನ ಸಣ್ಣ ಗೀರುಗಳು. ಬೆಳ್ಳಿಯನ್ನು ಮತ್ತೆ ಕಪ್ಪು ಮಾಡಲು ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡಬೇಕು ಎಂದು ಎಲ್ಲೋ ಓದಿದ್ದೆ. ಅದನ್ನು ಮಾಡಲು ಹೊರಟಾಗ ಮಗು ಕಿರುಚತೊಡಗಿತು. ಮೊಟ್ಟೆಯ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನನ್ನ ಅಮ್ಮ, ಜೀವನದಲ್ಲಿ ಮೊಟ್ಟೆ ಮುಟ್ಟದವಳು, ಬಂದು ಒಲೆಯ ಮುಂದೆ ನಿಂತಳು.

"ಎಷ್ಟು ಹೊತ್ತು ಬೇಯಿಸಬೇಕು ಹೇಳು. ನಾನು ಮಾಡ್ತೀನಿ."

ಬೇಯಿಸಿದಳು. ಸಿಪ್ಪೆಯನ್ನೂ ಅವಳೇ ಬಿಡಿಸಿದಳು. ನಾನು ಬೇಡ ಎನ್ನಲಿಲ್ಲ. ಅವಳು ಶಿಕ್ಷೆ ಅನುಭವಿಸಲಿ ಎಂದು ನನ್ನೊಳಗೆ ಏನೋ ಬಯಸುತ್ತಿತ್ತು. ಅವರ ಪೆಟ್ಟಿಗೆಯ ಲಂಡನ್ ನಾಣ್ಯವನ್ನು ಡಬ್ಬಿಗೆ ಹಾಕಿದೆವು. ಸಂಜೆಗೆ ಅದು ಅರಿಸಿನದ ಬಣ್ಣಕ್ಕೆ ತಿರುಗಿ, ಮಾರನೆಯ ದಿನ ಕಜ್ಜಿಯ ಹಾಗೆ ಕಂದು ಮಚ್ಚೆ ಮಚ್ಚೆಯಾಯಿತು. ಉಳಿದವನ್ನು ಹಾಗೇ ಬಿಟ್ಟೆ.

ಗಂಡನಿಗೆ ನನ್ನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಒಂದು ದಿನ ಮೆಲ್ಲಗೆ ಕೇಳಿದರು. "ಅವರಿಗೆ ಕಣ್ಣು ಕಾಣಲ್ಲ ಅಲ್ವಾ?"

"ಅದಕ್ಕೆ?"

"ಅದಕ್ಕೇನಿಲ್ಲ. ಸುಮ್ನೆ ಕೇಳಿದೆ."

ಆ ಮಾತು ನನ್ನ ತಲೆಯಲ್ಲಿ ಆಗಲೇ ಇತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಸಿಟ್ಟು ಬಂತು, ಅಷ್ಟೆ.

ಮುದುಕರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ನಾಣ್ಯದ ಸುದ್ದಿ ಎತ್ತುತ್ತಲೇ ಇರಲಿಲ್ಲ. ಮಗು ಎಷ್ಟು ತೂಕ ಬಂತು, ನೀನು ಊಟ ಮಾಡುತ್ತಿದ್ದೀಯಾ, ಅಮ್ಮ ಇದ್ದಾರಲ್ಲ, ಅದೃಷ್ಟವಂತೆ. ನಾನೇ ಪೆಟ್ಟಿಗೆಯ ವಿಷಯ ಶುರುಮಾಡಿದರೆ "ಏಳುನೂರು ವರ್ಷ ಕಾದಿವೆ, ಲವ್, ಇನ್ನೆರಡು ತಿಂಗಳು ಕಾಯುತ್ತವೆ" ಎನ್ನುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದು ಫೋನ್ ಎತ್ತುತ್ತಿದ್ದೆ. ಪ್ರತಿ ಸಲವೂ ಮಗುವಿನ ತೂಕ ಹೇಳಿ ಇಟ್ಟುಬಿಡುತ್ತಿದ್ದೆ. ಎರಡು ವಾರ ಫೋನ್ ಬರಲಿಲ್ಲ. ಮೂರನೆಯ ವಾರ ಅವರ ಮಗಳು ಮಾಡಿದಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಶ್ವಾಸಕೋಶದಲ್ಲಿ ನೀರು, ಹೃದಯ ಸೋತಿದೆ. ಆ ಬಾಗಿದ ಪೆನ್ನಿಯೊಂದನ್ನು ಕೇಳುತ್ತಿದ್ದಾರೆ. ಪೋಸ್ಟ್ ಮಾಡಬೇಡಿ, ದಯವಿಟ್ಟು ಯಾರ ಕೈಯಲ್ಲಾದರೂ ಕಳಿಸಲಾಗುತ್ತದೆಯೇ?

ನಾನೇ ಬರುತ್ತೇನೆ ಎಂದೆ.

ಹೊರಡುವ ಹಿಂದಿನ ದಿನ ಬೆಳಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಮುದುಕರು ನನಗೆ ಮೊದಲು ಕಳಿಸಿದ್ದ ಲಂಡನ್ ಪೆನ್ನಿಯನ್ನು ನನ್ನ ಡಬ್ಬಿಯಿಂದ ತೆಗೆದೆ. ಅದನ್ನು ಅಮ್ಮ ಮುಟ್ಟಿರಲಿಲ್ಲ, ಅದರ ಕಪ್ಪು ಹಾಗೇ ಇತ್ತು. ಬಟ್ಟೆಯಲ್ಲಿ ಸುತ್ತಿ, ಚಮಚದ ಹಿಡಿಯ ಮೇಲಿಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿದೆ. ಬೆಣ್ಣೆಯ ಹಾಗೆ ಬಾಗಿತು. ಇಲ್ಚೆಸ್ಟರಿನ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಅಷ್ಟೇ ಬಾಗು ಬರುವವರೆಗೆ ಒತ್ತಿದೆ.  

ಮಗುವಿಗೆ ಹಾಲು ಕೊಡಬೇಕಾದ್ದರಿಂದ ಅದೂ ಬಂತು, ಅದನ್ನು ಹಿಡಿದುಕೊಳ್ಳಲು ಅಮ್ಮನೂ ಬಂದಳು. ಅಮ್ಮನ ವೀಸಾ ಮುಗಿಯಲು ಹತ್ತು ದಿನ ಉಳಿದಿತ್ತು. ವಿಮಾನದಲ್ಲಿ ಅವಳು ಬಾಯಿಬಿಟ್ಟಳು.

"ಅವರ ಮುಂದೆ ನಾನೇ ಹೇಳ್ತೀನಿ. ನಂದು ತಪ್ಪು. ನೀನು ಇಂಗ್ಲಿಷಲ್ಲಿ ಹೇಳು, ಸಾಕು."

ನಾನು ಕಿಟಕಿಯ ಕಡೆ ನೋಡುತ್ತ ತಲೆಯಾಡಿಸಿದೆ.

ಏರ್‌ಪೋರ್ಟಿನಿಂದ ಸಿಟಿಗೆ ಬಸ್ಸು, ಅಲ್ಲಿಂದ ಬಾಕ್ಸ್ ಹಿಲ್‌ಗೆ ಟ್ರೈನು. ಆಸ್ಪತ್ರೆಯ ಬಾಗಿಲಲ್ಲಿ ಅವರ ಮಗಳು ಸಿಕ್ಕಿ, ರೂಮು ತೋರಿಸಿ, ಅಪ್ಪನ ಬಟ್ಟೆ ತರಬೇಕೆಂದು ಹೊರಟಳು. ಅವರು ದಿಂಬಿಗೆ ಒರಗಿ ಕೂತಿದ್ದರು. ಮೂಗಿನಲ್ಲಿ ಕೊಳವೆ, ನನ್ನ ಮಗಳಿಗೆ ಇದ್ದಂಥದೇ, ಸ್ವಲ್ಪ ದಪ್ಪನೆಯದು. ತುಟಿ ನೀಲಿಗಟ್ಟಿತ್ತು. ಮಗುವನ್ನು ಅವರ ಪಕ್ಕಕ್ಕೆ ಹಿಡಿದೆ. ಕತ್ತು ಓರೆ ಮಾಡಿ ಅಂಚುಗಣ್ಣಿನಲ್ಲಿ ನೋಡಿ, "ಓ, ನಿನ್ನ ಕಿವಿ!" ಎಂದರು ಮಗುವಿಗೆ.

ಮಗುವನ್ನು ಅಮ್ಮನಿಗೆ ಕೊಟ್ಟು ಪೆಟ್ಟಿಗೆ ತೆರೆದೆ. "ತಂದಿದ್ದೀನಿ" ಎಂದೆ. ಅವರು ಕೈ ಚಾಚಿದರು. ಆ ಅಂಗೈಯಲ್ಲಿ ನಾನು ಬಾಗಿಸಿದ ಲಂಡನ್ ಪೆನ್ನಿಯನ್ನು ಇಟ್ಟೆ.

ಹೆಬ್ಬೆರಳು ಗುಳಿಯನ್ನು ಹುಡುಕಿತು. ಅಂಚಿನ ಸುತ್ತ ಒಂದು ಸುತ್ತು ಹೋಯಿತು. ಮತ್ತೊಂದು ಸುತ್ತು. ಅವರ ಹುಬ್ಬು ಸ್ವಲ್ಪ ಗಂಟಾಯಿತು. ಈಗ ಕೇಳುತ್ತಾರೆ, ಈಗ ಮುಗಿಯಿತು ಎಂದುಕೊಂಡೆ. ನಿಜ ಹೇಳುತ್ತೇನೆ, ಕೇಳಲಿ ಎಂದು ಬೇಡಿಕೊಂಡೆ. ಅವರು ನನ್ನ ಕಡೆ ಮುಖ ತಿರುಗಿಸಿದರು. ಏನೋ ಹೇಳಲು ಹೋಗಿ, ನಿಲ್ಲಿಸಿ, ಮುಷ್ಟಿ ಮುಚ್ಚಿದರು. ಕಣ್ಣಂಚಿನಲ್ಲಿ ನೀರಿತ್ತು.

ಅಷ್ಟರಲ್ಲಿ ಅಮ್ಮ ನನ್ನ ಕೈಗೆ ಮಗುವನ್ನು ಕೊಟ್ಟು, ಸೆರಗು ಸರಿಮಾಡಿಕೊಂಡು, ಮಂಚದ ಹತ್ತಿರ ಹೋಗಿ ಕೈಮುಗಿದು ನಿಂತಳು.

"ಯಜಮಾನರೇ, ತಪ್ಪು ನಂದು. ಇವಳದಲ್ಲ. ಬೆಲೆ ಗೊತ್ತಿಲ್ಲದೆ ನಿಮ್ಮ ಸಾಮಾನನ್ನೆಲ್ಲ ನಾನು ಉಜ್ಜಿಬಿಟ್ಟೆ. ಒಂದನ್ನ ಮುರಿದೂ ಹಾಕಿದೆ. ಹೆಂಗಸು, ಓದಿಲ್ಲದೋಳು ಅಂತ ತಿಳ್ಕೊಂಡು ಕ್ಷಮಿಸಬೇಕು." ನನ್ನ ಕಡೆ ತಿರುಗಿದಳು. "ಹೇಳು."

"ಏನು ಹೇಳ್ತಿದ್ದಾರೆ ನಿನ್ನ ಅಮ್ಮ?" ಎಂದರು ಅವರು.

ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದರು. ಅಷ್ಟು ಸುಲಭವಾದ ಕ್ಷಣ ನನಗೆ ಆಮೇಲೆ ಎಂದೂ ಸಿಗಲಿಲ್ಲ. ಅಮ್ಮ ಬಾಗಿಲು ತೆರೆದು ಹಿಡಿದಿದ್ದಳು, ನಾನು ದಾಟಿದ್ದರೆ ಸಾಕಿತ್ತು. ಆದರೆ ಅವರ ಮುಷ್ಟಿಯೊಳಗೆ ನನ್ನ ಮೋಸ ಆಗಲೇ ಕೂತಿತ್ತು. ಉಜ್ಜಿದ್ದನ್ನು ಹೇಳಿದರೆ ಮುರಿದದ್ದನ್ನು ಹೇಳಬೇಕು, ಮುರಿದದ್ದನ್ನು ಹೇಳಿದರೆ ಕೈಯಲ್ಲಿರುವುದೇನು ಎಂದು ಹೇಳಬೇಕು.

"ನೀವು ಬೇಗ ಹುಷಾರಾಗಲಿ ಅಂತ ದೇವರನ್ನ ಬೇಡಿಕೊಳ್ತಿದ್ದಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಅಮ್ಮನ ಮುಗಿದ ಕೈಗಳನ್ನು ತಡಕಿ ಹಿಡಿದುಕೊಂಡರು. "ಥ್ಯಾಂಕ್ ಯೂ," ಎಂದರು, ಎರಡು ಸಲ. ಅಮ್ಮ ಅತ್ತುಬಿಟ್ಟಳು. ಮುರಿದ ತುಂಡುಗಳ ಸಮೇತ ಪೆಟ್ಟಿಗೆಯನ್ನು ಮುಚ್ಚಿ ಅವರ ಮಂಚದ ಪಕ್ಕದಲ್ಲಿ ಬಿಟ್ಟು ಬಂದೆ. ಆಸ್ಪತ್ರೆಯಿಂದ ಹೊರಗೆ ಬಂದಾಗ ಅವಳ ಮುಖದಲ್ಲಿ ಎರಡು ತಿಂಗಳಿಂದ ಕಾಣದ ಕಳೆ ಇತ್ತು. ಟ್ರೈನಿನಲ್ಲಿ ಮಗುವನ್ನು ತೊಡೆಯ ಮೇಲೆ ಆಡಿಸಿದಳು. ಸಿಡ್ನಿಗೆ ಬಂದು ತಾನೇ ಚಿತ್ರಾನ್ನ ಕಲಸಿ, ನನ್ನ ಮುಂದೆ ಕೂತು ತಿನ್ನಿಸಿದಳು. 

ಅಮ್ಮ ಊರಿಗೆ ಹೋದ ಮೇಲೆ ಒಂದು ತಿಂಗಳಿಗೆ ಮುದುಕರು ತೀರಿಕೊಂಡರು. ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ, ಮಗುವಿಗೆ ಜ್ವರ ಎಂದು ಬರೆದೆ. ಜ್ವರವಿರಲಿಲ್ಲ.

ಅದಾಗಿ ಕೆಲವು ವಾರಕ್ಕೆ ಅವರ ಮಗಳ ಫೋನು. ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವಳು ಮೊದಲು ಥ್ಯಾಂಕ್ಸ್ ಹೇಳಿದಳು. ಯಾಕೆ ಎಂದೆ.

"ನೀವು ಬಂದು ಹೋದ ಸಂಜೆ ಅಪ್ಪ ನನಗೆ ಆ ಪೆನ್ನಿ ತೋರಿಸಿದರು. 'ಇದು ನನ್ನದಲ್ಲ ಕಣೆ, ಇದರ ಬಾಗು ಹೊಸದು, ಅಂಚು ಇನ್ನೂ ಚುಚ್ಚುತ್ತದೆ. ಆ ಹುಡುಗಿ ನಾನು ಕೊಟ್ಟ ಪೆನ್ನಿಯನ್ನೇ ನನಗೋಸ್ಕರ ಬಾಗಿಸಿ ತಂದಿದ್ದಾಳೆ. ಅವರ ಕಡೆ ಅದಕ್ಕೊಂದು ಪದ ಇದೆ' ಅಂದರು. ಪದ ನೆನಪಾಗಲಿಲ್ಲ ಅವರಿಗೆ. ಅವಳನ್ನ ಕೇಳಬೇಡ, ಮುಜುಗರ ಮಾಡಿಕೊಳ್ತಾಳೆ ಅಂದರು. ಕೊನೆಯವರೆಗೂ ಕೈಯಲ್ಲೇ ಇತ್ತು. ಅವರ ಜೊತೆಗೇ ಕಳಿಸಿದೆವು."



ಅವಳು ಮುಂದುವರಿಸಿದಳು. ಉಳಿದ ನಾಣ್ಯಗಳನ್ನು ಒಬ್ಬ ವ್ಯಾಪಾರಿಗೆ ತೋರಿಸಿದ್ದಾಳೆ. ಎಲ್ಲವನ್ನೂ ಇತ್ತೀಚೆಗೆ ಗಟ್ಟಿಯಾಗಿ ಉಜ್ಜಲಾಗಿದೆ, ಒಂದು ಮುರಿದಿದೆ, ಒಂದಕ್ಕೆ ಏನೋ ಬಳಿದಿದ್ದಾರೆ ಎಂದಿದ್ದಾನೆ ಅವನು. "ಅಪ್ಪ ಕಣ್ಣು ಕಾಣದ ಮೇಲೆ ತಾವೇ ಏನಾದರೂ ಮಾಡಿದರಾ ಅಂತ ನನಗೆ ಯೋಚನೆ. ನೀವು ತೆಗೆದುಕೊಂಡು ಹೋದಾಗಲೇ ಹಾಗಿದ್ದವಾ?"

ಹೌದು ಎಂದರೆ ಮುಗಿಯುತ್ತಿತ್ತು. ಸತ್ತವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಬಾಯಿಗೆ ಬಂದಿತ್ತು ಕೂಡ.

"ಇಲ್ಲ," ಎಂದೆ. ಎಲ್ಲ ಹೇಳಿದೆ. ಕಪಾಟು, ಹಲ್ಲುಪುಡಿ, ಲಟ್ಟಣಿಗೆ, ಮೊಟ್ಟೆ. ಅಮ್ಮ ಏನು ಹೇಳಿದಳು, ನಾನು ಏನೆಂದು ಹೇಳಿದೆ ಎಂಬುದನ್ನೂ ಹೇಳಿದೆ. ಅವಳು ಅಡ್ಡ ಬಾಯಿ ಹಾಕಲಿಲ್ಲ. ನಾನು ನಿಲ್ಲಿಸಿದ ಮೇಲೆ ಕೇಳಿದಳು.

"ಹಾಗಾದರೆ ಆ ಬಾಗಿದ ಪೆನ್ನಿ?"

"ಮುರಿದದ್ದು ಗೊತ್ತಾಗದಿರಲಿ ಅಂತ ಬಾಗಿಸಿದೆ. ಹರಕೆಗೆ ಅಲ್ಲ."



"ನಾಣ್ಯದ ವಿಷಯ ಆಸ್ಪತ್ರೆಯಲ್ಲೇ ಹೇಳಿದ್ದರೆ ಅಪ್ಪ ಒಂದು ನಿಮಿಷ ಬೈದು ಆಮೇಲೆ ನಕ್ಕುಬಿಡುತ್ತಿದ್ದರು. ನಿಮ್ಮ ಅಮ್ಮನನ್ನ ಕೂರಿಸಿಕೊಂಡು ಟೂತ್ ಪೌಡರ್ ಬ್ರ್ಯಾಂಡ್ ಯಾವುದು ಅಂತ ಕೇಳುತ್ತಿದ್ದರು. ಅವರು ಹಾಗೆ. ಆದರೆ ಈ ಕೊನೆಯದನ್ನ ನನಗೆ ಹೇಳದೇ ಇರಬಹುದಾಗಿತ್ತು ನೀವು. ನನ್ನ ಹತ್ತಿರ ಅದೊಂದು ಇತ್ತು."

ಫೋನ್ ಇಟ್ಟಳು.

ಆಮೇಲೆ ನಾನು, ಪೆಟ್ಟಿಗೆ ವಾಪಸ್ ಕೊಡುವ ಮುಂಚೆ ಗುರುತು ಹಾಕಿಕೊಂಡಿದ್ದನ್ನೆಲ್ಲ ಇಟ್ಟುಕೊಂಡು, ಪಟ್ಟಿಯನ್ನು ಹೊಸದಾಗಿ ಬರೆದೆ. ಹತ್ತೊಂಬತ್ತು ಪುಟ. ಪ್ರತಿ ಪುಟದಲ್ಲೂ ಊರು, ತೂಕ, ಅಕ್ಷರ, ಚೀಟಿಯಲ್ಲಿದ್ದ ಅವರ ಮಾತು, ಕೊನೆಗೆ ನನ್ನ ಮನೆಯಲ್ಲಿ ಆದದ್ದು. ಯಾರ ತಪ್ಪು ಎಂಬಲ್ಲಿ ನನ್ನ ಹೆಸರನ್ನೇ ಬರೆದೆ. ಆರು ನಾಣ್ಯಗಳಿಗೆ ಉಜ್ಜುವ ಮುಂಚಿನ ಫೋಟೋ ಇತ್ತು, ಅದನ್ನೂ ಅಂಟಿಸಿದೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ತಲುಪಿತು ಎಂದು ಸಹಿ ಬಂತು, ಉತ್ತರ ಬರಲಿಲ್ಲ. ಬರಬೇಕು ಎಂದು ಕೇಳುವ ಮುಖ ನನಗೂ ಇರಲಿಲ್ಲ. ನನ್ನ ಬಳಿ ಇದ್ದ ಎಂಟು ಹತ್ತು ಪೆನ್ನಿಗಳನ್ನು ಒಬ್ಬ ಕಾಲೇಜು ಹುಡುಗಿಗೆ ಕೊಟ್ಟುಬಿಟ್ಟೆ. ಅವಳು ಯಾಕೆ ಎಂದು ಕೇಳಿದಾಗ ಮನೆ ಬದಲಾಯಿಸುತ್ತಿದ್ದೇವೆ, ಜಾಗವಿಲ್ಲ ಎಂದೆ. ಹತ್ತು ಬೆಳ್ಳಿ ಪೆನ್ನಿಗೆ ಬೇಕಾದ ಜಾಗ ಒಂದು ಬೆಂಕಿಪೊಟ್ಟಣದಷ್ಟು.

ಮಗಳಿಗೆ ಎರಡು ತುಂಬಿದ ಮೇಲೆ ಅರಸೀಕೆರೆಗೆ ಹೋದೆವು. ಪಕ್ಕದ ಮನೆಯವರು ಮಗು ನೋಡಲು ಬಂದಿದ್ದರು. ಅಮ್ಮ ಜಗಲಿಯ ಮೇಲೆ ಮೊಮ್ಮಗಳ ಜಡೆ ಹಾಕುತ್ತ ಆಸ್ಟ್ರೇಲಿಯಾದ ಕಥೆ ಹೇಳುತ್ತಿದ್ದಳು. ಆ ದೊಡ್ಡ ಮನುಷ್ಯರ ಲಕ್ಷಗಟ್ಟಲೆ ಬೆಲೆಯ ಬೆಳ್ಳಿ ನಾಣ್ಯಗಳನ್ನ ತಾನು ಹಾಳುಮಾಡಿದ್ದು, ಅವರು ಸಾಯೋ ಮಂಚದಲ್ಲಿ ಮಲಗಿದ್ದು, ತಾನು ಕೈಮುಗಿದು ಎಲ್ಲ ಒಪ್ಪಿಕೊಂಡದ್ದು.

"ಒಂದು ಮಾತು ಬೈಲಿಲ್ಲ ಕಣ್ರೀ. ನನ್ನ ಎರಡೂ ಕೈ ಹಿಡ್ಕೊಂಡು ಥ್ಯಾಂಕ್ಸು ಅಂದ್ರು. ತಪ್ಪು ಒಪ್ಕೊಂಡಿದ್ದಕ್ಕೆ ಥ್ಯಾಂಕ್ಸು ಅನ್ನೋ ಜನಾನ ಎಲ್ಲಾದ್ರೂ ನೋಡಿದ್ದೀರಾ?" ಆಮೇಲೆ ನನ್ನ ಕಡೆ ತಿರುಗಿ, "ಬೇಕಾದ್ರೆ ಇವಳನ್ನೇ ಕೇಳಿ. ಇವಳೇ ಅಲ್ವಾ ಇಂಗ್ಲಿಷಲ್ಲಿ ಹೇಳಿದ್ದು?"

ಪಕ್ಕದ ಮನೆಯ ಆಕೆ ನನ್ನ ಮುಖ ನೋಡಿದರು.

"ಹೌದು," ಎಂದೆ.